ಟವೆಲಿನ ಕೆಳಗಿನ ಬೆರಳು

ನಮ್ಮ ಸೋದರಮಾವ ಊಟಕ್ಕೆ ಕೂತಾಗ ಅವನ ಬಲಗೈಯ ಉಂಗುರ ಬೆರಳು ರೊಟ್ಟಿಯನ್ನು ಬಿಟ್ಟು, ತರಗತಿಯಲ್ಲಿ ಉತ್ತರ ಗೊತ್ತಿರುವ ಒಬ್ಬನೇ ಹುಡುಗನಂತೆ ನೆಟ್ಟಗೆ ಎದ್ದು ನಿಲ್ಲುತ್ತಿತ್ತು. ಉಳಿದ ಬೆರಳುಗಳು ಪುಂಡಿಪಲ್ಲೆಯಲ್ಲಿ ತಮ್ಮ ಕೆಲಸ ನಡೆಸಿಯೇ ಇರುತ್ತಿದ್ದವು. ಮಾವ ಅದನ್ನು ಒಂದು ಗಳಿಗೆ ಗೌರವದಿಂದ ನೋಡಿ, ‘ಕೂಡ್ರಪಾ, ನಿನ್ನ ಪಾಳಿ ಇನ್ನಾ ಬಂದಿಲ್ಲ’ ಎಂದು ಎಡಗೈಯಿಂದ ಮೆಲ್ಲಗೆ ಮಡಚಿ ಕೂರಿಸುತ್ತಿದ್ದ. ಅದು ಕೂರುತ್ತಿತ್ತು. ಮತ್ತೆ ಏಳುತ್ತಿತ್ತು.

ಮಾವನ ಹುದ್ದೆ ದೇವದುರ್ಗದ ದನದ ಸಂತೆಯಲ್ಲಿ ದಲಾಲಿ. ಹುದ್ದೆ ಎಂಬ ಶಬ್ದವನ್ನು ಯೋಚಿಸಿಯೇ ಬರೆದಿದ್ದೇನೆ. ಮಾನ್ವಿಯ ತಾಲೂಕು ಕಚೇರಿಯಲ್ಲಿ ಜೀವಮಾನವೆಲ್ಲ ಕಡತ ಕಟ್ಟಿ ಬಿಚ್ಚಿ ನಿವೃತ್ತನಾದ ನನಗೆ, ಯಾವುದು ಹುದ್ದೆ, ಯಾವುದು ಬರೀ ಕುರ್ಚಿ ಎಂಬುದರ ತಿಳಿವಳಿಕೆ ಅಷ್ಟಿಷ್ಟು ಇದೆ. ಮಾವನಿಗೆ ಕುರ್ಚಿ ಇರಲಿಲ್ಲ. ಹೆಗಲ ಮೇಲೆ ಕೆಂಪಂಚಿನ ಒಂದು ಟವೆಲು ಇತ್ತು. ಸಂತೆಯಲ್ಲಿ ಎತ್ತಿನ ದರವನ್ನು ಯಾರೂ ಬಾಯಿಂದ ಆಡುವುದಿಲ್ಲ. ದಲಾಲಿ ಕೊಳ್ಳುವವನ ಕೈ ಹಿಡಿದು, ಮೇಲೆ ಟವೆಲು ಹೊದಿಸಿ, ಅಂಗೈಗೆ ಬೆರಳು ಒತ್ತುತ್ತಾನೆ. ಒತ್ತಿದ ಬೆರಳೊಂದಕ್ಕೆ ಒಂದು ಸಾವಿರ, ಗೆಣ್ಣು ಮಡಚಿ ಒತ್ತಿದರೆ ಅದರ ಅರ್ಧ. ಕೊನೆಗೆ ಇಡೀ ಅಂಗೈಯನ್ನು ಅಂಗೈಯಿಂದ ಮುಚ್ಚಿದರೆ ಸೌದಾ ಮುಗಿಯಿತು. ಸುತ್ತ ನಿಂತ ನೂರು ಮಂದಿಗೆ ಕಾಣುವುದು ಟವೆಲಿನ ಅಲುಗಾಟ ಮಾತ್ರ. ಈ ವ್ಯವಹಾರವೆಲ್ಲ ಬಲಗೈಯದು. ಎಡಗೈ ಚಾಚಿದರೆ ಬೈದಂತೆ.

ಮನುಷ್ಯರನ್ನು ಓದುವ ವಿದ್ಯೆಯನ್ನೂ ಮಾವ ಆ ಟವೆಲಿನ ಕೆಳಗೇ ಕಲಿತಿದ್ದ. ನನಗೆ ನೌಕರಿ ಸಿಕ್ಕಾಗ ಅವನು ಮಾಡಿದ ಉಪದೇಶ ಇಷ್ಟೇ: ‘ಮಾರಿ ನೋಡಬ್ಯಾಡ ಅಳಿಯಾ. ಮಾರಿ ಎಲ್ಲಾರೂ ರೂಢಿ ಮಾಡ್ಕೊಂಡಿರ್ತಾರ. ಕೈ ಹಿಡದು ನೋಡು. ಅಂಗೈ ಬೆವರಾಕತ್ತಿತ್ತಂದ್ರ ಸುಳ್ಳು ಹೇಳಾಕತ್ತಾನ ಅಂತ ತಿಳಕೊ.’ ಸರ್ಕಾರಿ ಕಚೇರಿಯಲ್ಲಿ ಅರ್ಜಿದಾರರ ಕೈ ಹಿಡಿದು ನೋಡುವ ಅವಕಾಶ ನಿಯಮಾವಳಿಯಲ್ಲಿ ಇಲ್ಲವಾದ್ದರಿಂದ ಈ ಉಪದೇಶ ನನ್ನಲ್ಲಿ ಬಹಳ ವರ್ಷ ಹಾಗೇ ಉಳಿಯಿತು.

ಬೆರಳು ಊಟದ ಎಲೆಯ ಮುಂದೆ ಕುಣಿಯುವಷ್ಟು ದಿನ ಅದು ಮನೆಯ ತಮಾಷೆಯಾಗಿತ್ತು. ಒಂದು ಸಂತೆಯ ದಿನ ಅದು ಟವೆಲಿನ ಕೆಳಗೆ ಕುಣಿಯಿತು. ಕವಿತಾಳದ ರೈತನೊಬ್ಬ ಜೋಡಿ ಎತ್ತು ಮಾರಲು ಬಂದಿದ್ದ, ಪೋತ್ನಾಳದವನೊಬ್ಬ ಕೊಳ್ಳಲು. ಮಾವ ಮಾರುವವನ ದರ ಒತ್ತಿ ಮುಗಿಸಿದ್ದ. ಅಷ್ಟರಲ್ಲಿ ಉಂಗುರ ಬೆರಳು ಕರೆಯದೆ ಬಂದು ಕೊಳ್ಳುವವನ ಅಂಗೈಗೆ ಇನ್ನೊಮ್ಮೆ ಒತ್ತಿತು. ಎತ್ತುಗಳ ಮೇಲೆ ಮನಸ್ಸಾಗಿದ್ದ ಅವನು ಒಂದು ಸಾವಿರ ಹೆಚ್ಚಾದರೂ ಆಗಲಿ ಎಂದು ಅಂಗೈ ಮುಚ್ಚಿಬಿಟ್ಟ.

ಮಾವ ಟವೆಲನ್ನು ಎಳೆದು ತೆಗೆದ. ಸೌದಾ ನಡುವೆ ಟವೆಲು ತೆಗೆಯುವುದೆಂದರೆ, ಪೂಜೆಯ ನಡುವೆ ಪೂಜಾರಿ ಎದ್ದು ಚಹಾ ಕುಡಿಯಲು ಹೋದಂತೆ.

‘ಈ ಸೌದಾ ಮುರೀತು. ಕಡೀ ಬೆರಳು ನಾ ಒತ್ತಿದ್ದಲ್ಲ.’

‘ಮತ್ಯಾರ ಒತ್ತಿದ್ರು? ಅದು ನಿಮ್ಮ ಕೈ ಅಲ್ಲೇನ್ರಿ?’ ಎಂದ ಪೋತ್ನಾಳದವನು.

‘ಕೈ ನಂದ. ಬೆರಳು ನನ್ನ ಮಾತು ಕೇಳವಲ್ದು.’

ಜನ ನಕ್ಕರು. ಕವಿತಾಳದವನು ಮಾತ್ರ ನಗಲಿಲ್ಲ. ‘ನನ್ನ ನಸೀಬಿಗಿ ಬಂದ ಬೆರಳು ಮಡಚಿದಿ ಯಪ್ಪಾ’ ಎಂದು ಮೊದಲಿನ ದರಕ್ಕೇ ಎತ್ತು ಕೊಟ್ಟು, ಮಾವನ ಕಡೆ ನೋಡದೆ ಹೋದ.

ಅಂದಿನಿಂದ ಮಾವ ಸಂತೆಗೆ ಹೋದರೂ ಯಾರಿಗೂ ಕೈ ಕೊಡಲಿಲ್ಲ. ಟವೆಲು ಹೆಗಲ ಮೇಲೆಯೇ ಇರುತ್ತಿತ್ತು. ಕೊನೆಗೆ ನನಗೆ ಫೋನು ಮಾಡಿದ. ‘ದವಾಖಾನಿಗಿ ನಡಿ ಅಳಿಯಾ. ಕೈ ಖರೇ ಮಾತಾಡಿದ್ರ ನಾ ದಲಾಲಿ. ಇಲ್ಲಂದ್ರ ಸಂತ್ಯಾಗ ನಿಂತ ಎತ್ತಿಗೂ ನನಗೂ ಏನ್ ಫರಕದ? ಎತ್ತಿಗರ ಬೆಲಿ ಅದ.’

ಅವನು ದೇವದುರ್ಗದ ಬಸ್ಸಿನಲ್ಲಿ, ನಾನು ಮಾನ್ವಿಯ ಬಸ್ಸಿನಲ್ಲಿ ಬಂದು ರಾಯಚೂರು ಬಸ್ ನಿಲ್ದಾಣದಲ್ಲಿ ಕೂಡಿಕೊಳ್ಳುವುದು ನಮ್ಮ ಪದ್ಧತಿಯಾಯಿತು. ನರದ ಡಾಕ್ಟರಮ್ಮ ಮಾವನಿಂದ ಮೂಗು ಮುಟ್ಟಿಸಿದರು, ಸುರುಳಿ ಬರೆಸಿದರು, ಗೆರೆ ಹಿಡಿದು ನಡೆಸಿದರು. ಸ್ಕ್ಯಾನ್ ಆಯಿತು, ರಕ್ತ ಪರೀಕ್ಷೆ ಆಯಿತು. ಎಲ್ಲ ನೋಡಿ ಹೇಳಿದರು: ‘ಯಪ್ಪಾ, ಇದು ಏನೇನಲ್ಲ ಅನ್ನೂದು ಗೊತ್ತಾಗ್ಯದ. ಏನು ಅನ್ನೂದು ಇನ್ನಾ ಗೊತ್ತಾಗಿಲ್ಲ.’

‘ಹಂಗಾದ್ರ ನಮ್ಮ ಅಳಿಯನ ಕಚೇರಿ ಇದ್ದಂಗ ಅದ ಬಿಡ್ರಿ’ ಎಂದ ಮಾವ. ಇಲಾಖೆಯ ಘನತೆಯ ದೃಷ್ಟಿಯಿಂದ ನಾನು ಸ್ಕ್ಯಾನಿನ ಕಾಗದಗಳನ್ನು ಕ್ರಮವಾಗಿ ಜೋಡಿಸತೊಡಗಿದೆ.

ಹೈದರಾಬಾದಿಗೂ ಹೋಗಿ ಬಂದೆವು. ಅಲ್ಲಿ ಕಟ್ಟಡ ದೊಡ್ಡದು, ಉತ್ತರ ಅದೇ. ಅತ್ತೆ ನೀರಮಾನ್ವಿ ಎಲ್ಲಮ್ಮನಿಗೆ ಹರಕೆ ಹೊತ್ತು ಬಂದಾಗ ಮಾವ ಕೇಳಿದ, ‘ಯಾ ರೋಗ ಅಂತ ಹೇಳಿ ಬೇಡ್ಕೊಂಡಿ?’ ಅತ್ತೆ ಹೇಳಿದಳು, ‘ಆಕಿಗಿ ಹೆಸರು ಬೇಕಾಗಂಗಿಲ್ಲ. ನಿನ್ನ ಕೈ ಅಂದೆ, ತಿಳಕೊಂಡ್ಳು.’

ಹೆಸರಿಲ್ಲದ ರೋಗಕ್ಕೆ ಹೆಸರಿರುವ ಗುಳಿಗೆ ಶುರುವಾಯಿತು. ಮೊದಲನೆಯ ಗುಳಿಗೆಗೆ ಬೆರಳು ಸುಮ್ಮನಾಯಿತು, ಆದರೆ ಬಾಯಿ ಒಣಗಿತು. ಮಾತಿನ ನಡುವೆ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುವುದು, ಮಾವ ತಂಬಿಗೆ ಎತ್ತುವುದು. ಡೋಸು ಏರಿದ ಮೇಲೆ ಒಂದು ಬೆಳಿಗ್ಗೆ ಅತ್ತೆ ಗಾಬರಿಯಿಂದ ಫೋನು ಮಾಡಿದಳು. ನಾನು ಹೋದಾಗ ಮಾವ ಅಂಗಳದ ಬೇವಿನ ಗಿಡದ ಕಡೆಗೆ ಮುಖಮಾಡಿ, ಕೈ ಹಿಂದಕ್ಕೆ ಕಟ್ಟಿ ನಿಂತಿದ್ದ.

‘ಯಾರದೋ ಎತ್ತು ಬಂದು ನಿಂತದ. ಬಿಳೇದು. ಕೊಂಬು ಭಾಳ ಚಲೋ ಅವ. ನಿಮ್ಮತ್ತಿ ಕಾಣವಲ್ದು ಅಂತಾಳ.’

‘ಮಾವಾ, ನನಗೂ ಕಾಣವಲ್ದು.’

‘ನಿನಗ ಖರೇ ನಿಂತ ಎತ್ತೂ ಕಾಣ್ತಿದ್ದಿಲ್ಲ ಬಿಡು.’

ಅವನು ಬಾಗಿ ಆ ಬರಿಯ ಜಾಗದ ನೆಲವನ್ನು ದಿಟ್ಟಿಸಿದ. ಆಮೇಲೆ ಮಾವ ದನಿ ತಗ್ಗಿಸಿ ಹೇಳಿದ, ‘ಇಲ್ಲನ್ನೂದು ನನಗೂ ಗೊತ್ತದ ಅಳಿಯಾ. ನೆಳ್ಳು ಬಿದ್ದಿಲ್ಲ.’

ಇಲ್ಲದ ಎತ್ತನ್ನೂ ನೆರಳಿನವರೆಗೆ ಪರೀಕ್ಷಿಸದೆ ಬಿಡದ ಈ ದಲಾಲಿ, ಗುಳಿಗೆಯ ವಿಷಯದಲ್ಲಿ ಮಾತ್ರ ಯಾರನ್ನೂ ಕೇಳದೆ ತೀರ್ಪು ಕೊಟ್ಟ. ಅಂದೇ ಪೂರ್ತಿ ಬಿಟ್ಟ. ಎತ್ತು ಹೋಯಿತು, ಕೈ ತಿರುಗಿ ಬಂತು. ಈ ಸಲ ಬೆರಳೊಂದೇ ಅಲ್ಲ, ಮಣಿಕಟ್ಟೇ ತಿರುಚಿಕೊಳ್ಳತೊಡಗಿತು, ಕುತ್ತಿಗೆ ಸೆಟೆಯಿತು. ರಾಯಚೂರಿಗೆ ಅವನನ್ನು ಒಯ್ದಾಗ ಡಾಕ್ಟರಮ್ಮ ಬೈದರು. ‘ಗುಳಿಗಿ ಒಮ್ಮಿಗೇ ಬಿಡಬಾರದು ಯಪ್ಪಾ! ತ್ರಾಸಾದ್ರ ಅವತ್ತೇ ನನಗ ಫೋನ್ ಹಚ್ಚಬೇಕು. ಇಳಿಯೂದಿದ್ರೂ ಪಾವಟಿಗಿ ಮ್ಯಾಲೆ ಇಳೀಬೇಕು, ಮಾಳಗಿ ಮ್ಯಾಲಿಂದ ಜಿಗದ್ರ ಹೆಂಗ?’ ಸಂತೆಯಲ್ಲಿ ಯಾರ ಮಾತನ್ನೂ ತಳ್ಳಿಹಾಕಬಲ್ಲ ಮಾವ ಮಗುವಿನಂತೆ ತಲೆ ತಗ್ಗಿಸಿ ಕೂತಿದ್ದ. ತಗ್ಗಿದ ತಲೆ ಸೆಟೆದ ಕುತ್ತಿಗೆಯಿಂದಾಗಿ ಒಂದು ಬದಿಗೆ ಮಾತ್ರ ತಗ್ಗಿತ್ತು.

ಎರಡನೆಯ ಗುಳಿಗೆ ಬಂತು. ಇದಕ್ಕೆ ಎತ್ತು ಕಾಣಲಿಲ್ಲ, ಬಾಯಿ ಒಣಗಲಿಲ್ಲ, ಕೈ ಗೋಡೆಗೆ ಒರಗಿಸಿಟ್ಟ ಬಡಿಗೆಯಷ್ಟು ಸುಮ್ಮನಾಯಿತು. ಬಂದದ್ದು ನಿದ್ದೆ. ಮಾವ ಬಸ್ಸಿನಲ್ಲಿ ಮಲಗಿದ, ಕಟ್ಟೆಯ ಮೇಲೆ ಮಲಗಿದ, ಬಂಡಿಯ ಗಾಲಿಗೆ ಒರಗಿ ಸಂತೆಯ ಗದ್ದಲದಲ್ಲಿ ಮಲಗಿದ. ಎಚ್ಚರವಿದ್ದಾಗಲೂ ಅರ್ಧ ಮಲಗಿದಂತೆಯೇ. ನನ್ನ ಕಚೇರಿಯನ್ನು ಹೀಯಾಳಿಸುವುದನ್ನು ಬಿಟ್ಟ. ಆಗಲೇ ನನಗೆ ನಿಜವಾದ ಹೆದರಿಕೆಯಾದದ್ದು. ಅತ್ತೆ ಸೆರಗಿನಿಂದ ಮೂಗು ಒರೆಸುತ್ತ ಹೇಳಿದಳು, ‘ಕೈ ಸುಮ್ಮನಾತು, ಖರೆ. ಅದರ ಸಂಗಟ ಮನಷ್ಯಾನೂ ಸುಮ್ಮನಾಗ್ಯಾನ. ಬೈದ್ರ ತಿರುಗಿ ಬೈಯಂಗಿಲ್ಲ. ನಾ ಯಾರ ಸಂಗಟ ಸಂಸಾರ ಮಾಡ್ಲಿ?’

ಕೈ ನಿಂತಿತೆಂಬ ಧೈರ್ಯದಲ್ಲಿ ಮಾವ ಒಂದು ಸಂತೆಯಲ್ಲಿ ಟವೆಲು ಹೊದಿಸಿಯೂ ನೋಡಿದ. ಕೊಳ್ಳುವವನ ಅಂಗೈ ಹಿಡಿದು ಹಾಗೇ ನಿಂತುಬಿಟ್ಟ. ಮಾರುವವನು ಹೇಳಿದ ದರ ಮರೆತುಹೋಗಿತ್ತು. ಸಂಜೆ ನನಗೆ ಹೇಳಿದ, ‘ಬೆರಳು ನೆಟ್ಟಗದ ಅಳಿಯಾ. ಅದಕ್ಕ ಹೇಳಿಕೊಡಾಕ ಒಳಗ ಯಾರೂ ಇಲ್ಲ.’

ಮುಂದಿನ ಸಲ ಡಾಕ್ಟರಮ್ಮನ ಎದುರು ಕೂತಾಗ ಮಾವ ಏನೋ ಹೇಳಲು ಹೋದ, ನಿದ್ದೆಗಣ್ಣಿನಲ್ಲಿ ಮಾತು ಕೂಡಿಬರಲಿಲ್ಲ. ಆಗ ಹೆಗಲ ಟವೆಲು ತೆಗೆದು ಮೇಜಿನ ಮೇಲೆ, ಬಿಪಿ ನೋಡುವ ಯಂತ್ರವೂ ಮುಚ್ಚುವಂತೆ ಹಾಸಿದ.

‘ಯವ್ವಾ, ಬಾಯಿಂದ ಆಗವಲ್ದು. ಜರಾ ಕೈ ಕೊಡ್ರಿ.’

ಡಾಕ್ಟರಮ್ಮ ನನ್ನನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರನ್ನು ನೋಡಿದೆ. ಹೊರಗೆ ಪಾಳಿ ಹಚ್ಚಿದ ರೋಗಿಗಳು ಕೆಮ್ಮುತ್ತಿದ್ದರು. ಡಾಕ್ಟರಮ್ಮ ಕೈಯನ್ನು ಟವೆಲಿನ ಕೆಳಗೆ ಇಟ್ಟರು.

‘ಇದೇನಿದು?’

‘ಗೆಣ್ಣು ಮಡಚಿದ್ರ ಅರ್ಧ. ಮುಂಜಾನಿ ಗುಳಿಗಿ ಅರ್ಧ ಮಾಡ್ರಿ.’

‘ರಾತ್ರಿದು?’

‘ಪೂರಾ ಇರ್ಲಿ. ರಾತ್ರಿ ಹೆಂಗೂ ಮಲಗೂದ ಅದ.’

ಟವೆಲು ಅಲುಗಿತು. ಈಗ ಒತ್ತುತ್ತಿದ್ದವರು ಡಾಕ್ಟರಮ್ಮ. ‘ಒಮ್ಮಿಗೇ ಅರ್ಧ ಆಗಂಗಿಲ್ಲ. ಸಾವಕಾಶ ಇಳಸ್ತೀನಿ. ನಡುವ ನೀವಾಗೇ ಬಿಟ್ರಿ ಅಂದ್ರ ಈ ಸೌದಾ ಮುರೀತು. ಇನ್ನೊಂದು ಮಾತು ಯಪ್ಪಾ, ಕಡಿಮಿ ಮಾಡಿದ್ರ ಕೈ ಪೂರಾ ನಿಲ್ಲಂಗಿಲ್ಲ. ಕುಣೀತದ.’

ಮಾವ ಟವೆಲಿನ ಅಂಚು ಸರಿಪಡಿಸಿದ. ಅವನ ಮುಂದಿದ್ದ ದರ ನನಗೂ ಕಾಣುತ್ತಿತ್ತು: ಕೈ ಬೇಕೋ, ಕೈಯ ಒಡೆಯ ಬೇಕೋ.

‘ಕುಣೀಲಿ ಬಿಡ್ರಿ. ನೋಡಾಕ ನಾ ಎಚ್ಚರ ಇರ್ತೀನಲ್ಲ’ ಎಂದು ಅಂಗೈ ಮುಚ್ಚಿದ.

ಹೊರಗೆ ಬಂದ ಮೇಲೆ ನನ್ನ ಕಿವಿಯಲ್ಲಿ ಹೇಳಿದ, ‘ಈ ಡಾಕ್ಟರಮ್ಮನ್ನ ನಂಬಬಹುದು. ಅಂಗೈ ಬೆವರಿದ್ದಿಲ್ಲ.’

ಮಾವ ಡಾಕ್ಟರಮ್ಮನಿಗೆ ಕೊಟ್ಟ ಮಾತಿನಂತೆ ನಡೆದುಕೊಂಡ. ಗುಳಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು, ಮನುಷ್ಯ ಅದೇ ಮೆಟ್ಟಿಲು ಹತ್ತಿ ಮೇಲೆ ಬಂದ. ನಮ್ಮ ಕಚೇರಿಯ ಬಗ್ಗೆ ಹೊಸ ಟೀಕೆಗಳು ಬಂದವು; ಅತ್ತೆಗೆ ಬೈಗುಳ ಬಂದು ಮನೆ ಮನೆಯಾಯಿತು. ಬೆರಳೂ ಹಾಜರಾಯಿತು. ಆಗ ಮಾವ ಸಂತೆಯ ನಡುವೆ ನಿಂತು, ಯಾರೂ ಕೇಳದಿದ್ದರೂ, ಎಲ್ಲರಿಗೂ ಕೇಳುವಂತೆ ಹೇಳಿದ: ‘ನನ್ನ ಬಲಗೈ ನನ್ನ ಮಾತು ಕೇಳಂಗಿಲ್ಲ. ಇನ್ನ ಮ್ಯಾಲೆ ಎಡಗೈ ಕೊಡ್ತೀನಿ. ಬೈದಂಗಾತು ಅನ್ನೋರು ಬ್ಯಾರೆ ದಲಾಲಿ ನೋಡ್ಕೊಳ್ರಿ.’

ಕೆಲವರು ದನದ ಹಗ್ಗ ಬಿಗಿ ಮಾಡುವ ನೆಪ ಮಾಡಿದರು. ಆಗ ಎತ್ತುಗಳ ನಡುವಿನಿಂದ ಬಂದವನು ಅದೇ ಕವಿತಾಳದ ರೈತ. ಮಾವನ ಮುಂದೆ ನಿಂತು ತನ್ನ ಎಡಗೈ ಚಾಚಿದ.

‘ನನ್ನ ನಸೀಬಿನ ಬೆರಳು ಮಡಚಿದ ಮನಷ್ಯಾ ನೀ. ಅವತ್ತ ಹೊಟ್ಟಿ ಉರಿದಿತ್ತು. ನಿನ್ನ ಎಡಗೈನೂ ನಡೀತದ, ಹಾಕು ಟವೆಲು.’

ಅಲ್ಲಿಂದ ದೇವದುರ್ಗದ ಸಂತೆಯಲ್ಲಿ ಒಬ್ಬ ದಲಾಲಿಗೆ ಮಾತ್ರ ಎಡಗೈ ಕೊಡುವ ರೂಢಿ ಬಿತ್ತು. ಹೊಸಬರು ಹೌಹಾರಿದರೆ, ಪಕ್ಕದವರು ‘ಅವರಿಗಿ ಹಂಗ, ಕೊಡ್ರಿ’ ಎನ್ನುತ್ತಿದ್ದರು. ಎತ್ತಿನ ಫೋಟೊ ಮೊಬೈಲಿನಲ್ಲಿ ಓಡಾಡುವ ಕಾಲ ಬಂದರೂ ಕೊನೆಯ ದರಕ್ಕೆ ಆ ಎಡಗೈ ಬೇಕಾಗುತ್ತಿತ್ತು. ಬಲಗೈ ಅಂಗಿಯ ಕಿಸೆಯಲ್ಲಿ ದೀರ್ಘ ರಜೆಯ ಮೇಲಿತ್ತು; ಕಿಸೆ ಆಗಾಗ ತನ್ನಷ್ಟಕ್ಕೆ ತಾನು ಅಲುಗುತ್ತಿತ್ತು.

ಕೊನೆಗೆ ಮಾವನನ್ನು ಒಯ್ದದ್ದು ಈ ರೋಗವಲ್ಲ, ಎದೆಯಲ್ಲಿ ಕಟ್ಟಿದ ಕಫ. ಕೈಯ ರೋಗಕ್ಕೆ ಕೊನೆಯವರೆಗೂ ಹೆಸರು ಸಿಗಲಿಲ್ಲ. ರಾಯಚೂರಿನ ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ, ಬಾಯಿಗೆ ಆಮ್ಲಜನಕದ ಮುಖವಾಡ ಹಾಕಿದ್ದರು, ಮಾತಿರಲಿಲ್ಲ. ಡಾಕ್ಟರು ಆಗಷ್ಟೇ ನನ್ನನ್ನು ಹೊರಗೆ ಕರೆದು ಹೇಳಬೇಕಾದ್ದನ್ನು ಹೇಳಿದ್ದರು. ನಾನು ಒಳಗೆ ಬಂದು, ಆದಷ್ಟು ಒಳ್ಳೆಯ ಮುಖ ಮಾಡಿಕೊಂಡು, ಮಂಚದ ಪಕ್ಕ ಕೂತೆ.

‘ನಾಳಿ ಮನಿಗಿ ಹೋಗೂಣು ಮಾವಾ.’

ಅವನು ಬಲಗೈಯಿಂದ ನನ್ನ ಕೈ ಹಿಡಿದ. ಉಂಗುರ ಬೆರಳು ನನ್ನ ಅಂಗೈಯಲ್ಲಿ ಕುಣಿಯಿತು. ಅದು ರೋಗವೋ ಮಾತೋ ತಿಳಿಯದೆ ನಾನು ಅವನ ಮುಖ ನೋಡಿದೆ. ಅವನು ಆ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಸಲೈನಿನ ನಳಿಗೆ ಚುಚ್ಚಿದ್ದ ಎಡಗೈಯನ್ನು ಮೆಲ್ಲಗೆ ಈ ಕಡೆ ತಂದ, ಹೊದಿಕೆಯ ಅಂಚನ್ನು ಎಳೆದ. ಹೊದಿಕೆಯ ಕೆಳಗೆ ನಾನೂ ಎಡಗೈ ಕೊಟ್ಟೆ.

ನನ್ನ ಅಂಗೈ ಬೆವರಿ ಒದ್ದೆಯಾಗಿತ್ತು. ಮಾವ ಹೆಬ್ಬೆರಳಿನಿಂದ ಅದನ್ನು ಒಮ್ಮೆ ಸವರಿ ನೋಡಿದ. ಮುಖವಾಡದ ಮೇಲೆ ಕಣ್ಣುಗಳು ಸಣ್ಣಗಾದವು; ಅವನು ನಗುತ್ತಿದ್ದ. ಆಮೇಲೆ ತನ್ನ ಒಣಗಿದ, ಒಂದಿಷ್ಟೂ ಅಲುಗದ ಅಂಗೈಯಿಂದ ನನ್ನ ಅಂಗೈಯನ್ನು ಪೂರ್ತಿ ಮುಚ್ಚಿದ.