ಗುಂಡಿಯಣ್ಣನಿಗೆ ಬೇಡವಾದ ಸೂಜಿ

ದರ್ಜಿ ಅಂಗಡಿಯಲ್ಲಿ ಗುಂಡಿ ಹೊಲಿಯುವುದು ಅವನ ಕೆಲಸ. ಬೀದಿಗೆಲ್ಲ ಅವನು ಗುಂಡಿಯಣ್ಣ. ನಮಗೆ ಬಿಳಿ ಎಂದರೆ ಒಂದೇ ಬಿಳಿ. ಅವನಿಗೆ ಬಿಳಿಯೊಳಗೇ ಒಂದು ದೊಡ್ಡ ಸಂಸಾರ: ಹಾಲಿನ ಬಿಳಿ, ಸುಣ್ಣದ ಬಿಳಿ, ಹಲ್ಲಿನ ಬಿಳಿ, ಜೊತೆಗೆ ಅವುಗಳ ನೆಂಟರಿಷ್ಟರು. ಸಂಜೆ ಮನೆಯಲ್ಲಿ ಗುಂಡಿ ಡಬ್ಬಿ ಸುರಿದು ವಿಂಗಡಿಸಲು ಕೂತರೆ, ತಲೆಯ ಮೇಲಿನ ಸೂರು ಹಾರಿಹೋದರೂ ಗಾಳಿ ಚೆನ್ನಾಗಿದೆ ಎಂದುಕೊಳ್ಳುವ ಆಸಾಮಿ. ಮನುಷ್ಯರ ಮುಖ ನೋಡದವನು ಗುಂಡಿಗಳನ್ನು ನೋಡಿ ನಗುತ್ತಿದ್ದ. ಚಿಕ್ಕಂದಿನಲ್ಲೇ ಡಾಕ್ಟರು ಆಟಿಸಂ ಎಂದಿದ್ದರು. "ಏನಾದ್ರೂ ಇರ್ಲಿ, ನನ್ನ ತಮ್ಮ ತಾನೆ" ಎಂದು ಅಕ್ಕ ಸಾಕಿದ್ದಳು.

ಸೂಜಿ ಬಂದದ್ದು ಆಮೇಲೆ. ಹೊಲಿದ ಅಂಗಿಯಲ್ಲಿ ಸೂಜಿ ಉಳಿದು ಯಾವುದೋ ಮಗುವಿನ ಕತ್ತಿಗೆ ಚುಚ್ಚಿದರೆ ಎಂಬ ಯೋಚನೆ ಒಂದು ದಿನ ತಲೆಗೆ ಹೊಕ್ಕಿತು, ಹೊರಡಲೇ ಇಲ್ಲ. ಕಾಲರನ್ನು ಹಿಂಡಿ ನೋಡುವುದು, ಬೆಳಕಿಗೆ ಹಿಡಿಯುವುದು, ಮತ್ತೆ ಹಿಂಡುವುದು, ಕೊನೆಗೆ ಹೊಲಿಗೆಯನ್ನೇ ಬಿಚ್ಚಿ ನೋಡುವುದು. ಸೂಜಿ ಇಲ್ಲವೆಂದು ಬೆರಳು ಹೇಳಿದರೂ ಎದೆ ಒಪ್ಪದು. ಹುಡುಗನಿಗೆಂದು ಹೊಲಿದ ಅಂಗಿ ಅವನ ಕೈ ದಾಟಿ ಬರುವಷ್ಟರಲ್ಲಿ ಆ ಹುಡುಗನಿಗೆ ಮೀಸೆ ಬಂದಿರುತ್ತಿತ್ತು.

"ಏನಯ್ಯಾ, ಗುಂಡಿ ಹೊಲೀತಿದ್ದೀಯೋ, ಅಂಗಿಗೆ ಮೈಕೈ ಒತ್ತಿಕೊಡ್ತಿದ್ದೀಯೋ?" ಎಂದು ಅಂಗಡಿ ಯಜಮಾನರು ಮೊದಮೊದಲು ನಕ್ಕರು. ಆಮೇಲೆ ಅಕ್ಕನನ್ನು ಕರೆಸಿದರು. "ನೋಡಮ್ಮ, ಇನ್ನೊಂದು ಬಟ್ಟೆಯ ಹೊಲಿಗೆ ಬಿಚ್ಚಿದ್ರೆ ಮನೇಲೇ ಕೂರಿಸ್ಕೋ."

ಡಾಕ್ಟರು ಈ ಸಲ ಗೀಳಿನ ಕಾಯಿಲೆ, ಒಸಿಡಿ, ಎಂದರು. "ಪದೇ ಪದೇ ಮಾಡೋದನ್ನ ನಿಧಾನಕ್ಕೆ ಬಿಡಿಸ್ಬೇಕು. ಸೂಜಿ ಇಲ್ಲ ಅಂತ ಸಮಾಧಾನ ಹೇಳೋಕೆ ಹೋಗ್ಬೇಡಿ. ಹೇಳಿದಷ್ಟೂ ಅದು ಬೆಳೆಯುತ್ತೆ."

ಅಂಗಡಿಯಲ್ಲಿ ತಮ್ಮ ಏನು ಮಾಡುತ್ತಾನೋ ಅಕ್ಕ ಕಂಡವಳಲ್ಲ. ಮನೆಯಲ್ಲಿ ಪದೇ ಪದೇ ಮಾಡುತ್ತಿದ್ದದ್ದು ಗುಂಡಿಯಾಟ. ಡಾಕ್ಟರು ಹೇಳಿದ್ದು ಇದನ್ನೇ ಎಂದುಕೊಂಡು ಡಬ್ಬಿಗಳನ್ನೆಲ್ಲ ಬೀರುವಿಗೆ ತುಂಬಿ ಬೀಗ ಹಾಕಿದಳು.

ಅಲ್ಲಿಗೆ ಸೂಜಿಗೆ ಮನೆಯ ಬಾಗಿಲೂ ತೆರೆಯಿತು. ಖಾಲಿ ಕೈಗಳು ದಿಂಬು ಹಿಂಡಿದವು, ಹಾಸಿಗೆಯ ಹತ್ತಿ ಕೆದರಿದವು. ಆ ವಾರವೇ ಅಂಗಡಿಯಲ್ಲಿ ಮದುವೆ ಗಂಡೊಬ್ಬನ ಕೋಟಿನ ಒಳಬಟ್ಟೆಯನ್ನು ಅವನು ಪೂರ್ತಿ ಬಿಚ್ಚಿಹಾಕಿದ. ಯಜಮಾನರು ಬೈಯಲೂ ಇಲ್ಲ, ಮನೆಗೆ ಕಳಿಸಿದರು.

ಮನೆಗೆ ಬಂದವನು ಬೀರುವಿನ ಮುಂದೆ ನಿಂತ.

"ಅಕ್ಕಾ, ಗುಂಡಿ ನಂಗೆ ಬೇಕಿತ್ತು. ಸೂಜಿ ಬೇಡವಾಗಿತ್ತು. ನೀನು ಬೇಕಾಗಿದ್ದನ್ನ ಕಿತ್ಕೊಂಡೆ, ಬೇಡದ್ದನ್ನ ಬಿಟ್ಟೆ."

ಅಷ್ಟು ಉದ್ದದ ಮಾತನ್ನು ಅವನು ಜನ್ಮದಲ್ಲಿ ಆಡಿರಲಿಲ್ಲ. ಅಕ್ಕ ಬೀಗ ತೆಗೆದು ಡಬ್ಬಿಗಳನ್ನೆಲ್ಲ ಅವನ ಮುಂದೆ ಸುರಿದಳು. ಅವನು ಕೈ ಚಾಚಿದ. ಅರ್ಧಕ್ಕೇ ಹಿಂದೆಗೆದ.

"ಇದರಲ್ಲಿ ಸೂಜಿ ಬಿದ್ದಿದ್ಯಾ?"

ಅಕ್ಕ ಖಾಲಿ ಡಬ್ಬಿಗಳಿಗೆ ಮುಚ್ಚಳ ಹಾಕತೊಡಗಿದಳು.

"ಇಲ್ಲ ಅನ್ನಕ್ಕಾ. ಒಂದೇ ಸಲ."

ಇಲ್ಲವೆಂದರೆ ಸೂಜಿಗೆ ಅನ್ನ ಹಾಕಿದಂತೆ. ಅನ್ನದಿದ್ದರೆ ಆ ಮುಖ ನೋಡುವುದು ಹೇಗೆ. "ಗೊತ್ತಿಲ್ಲ ಕಣೋ" ಎಂದು ಅಕ್ಕ ಅವನ ಪಕ್ಕದಲ್ಲೇ ಕೂತಳು. ಅವನು ಎರಡೂ ಕೈಗಳನ್ನು ಕಂಕುಳಲ್ಲಿ ಅವಿತಿಟ್ಟುಕೊಂಡು, ಹಾಲಿನ ಬಿಳಿ, ಸುಣ್ಣದ ಬಿಳಿ ಎಲ್ಲ ಬೆರೆತು ಬಿದ್ದಿದ್ದ ರಾಶಿಯನ್ನು ದೂರದಿಂದ ನೋಡುತ್ತಿದ್ದ.