ಅತ್ತೆ ಒಗೆದ ಕಾಲುಚೀಲ

ಆ ಪ್ರಾಣಿಯ ಕಿವಿ ಉದ್ದವಿತ್ತೋ ಗಿಡ್ಡವಿತ್ತೋ ನನಗೆ ಖಚಿತವಿಲ್ಲ. ಮಗಳ ಪ್ರಕಾರ ಗಿಡ್ಡ. ಮೈಮೇಲೆ ಬಿಳಿ ಚುಕ್ಕೆ, ಗೆರೆ ಇದ್ದವಂತೆ, ಕಾಲು ಪೆನ್ಸಿಲ್‌ನಷ್ಟು ಸಪೂರವಂತೆ. ಅವತ್ತು ನಾನೂ ಅವಳ ಪಕ್ಕದಲ್ಲೇ ಇದ್ದೆ. ಕಂದು ಬಣ್ಣದ ಏನೋ ಒಂದು ಕಾಲುದಾರಿ ದಾಟಿ ಪೊದೆಯೊಳಗೆ ಹೋದದ್ದು ನನಗೂ ಕಂಡಿತು. ಮೊದಮೊದಲು ಅದು ಮೊಲ ಎಂದೇ ಹೇಳುತ್ತಿದ್ದೆ. ಅವಳು ವರ್ಣಿಸಿದಂತೆಲ್ಲ ನನ್ನ ನೆನಪಿನ ಮೊಲಕ್ಕೂ ಒಂದೊಂದೇ ಚುಕ್ಕೆ ಮೂಡುತ್ತ ಬಂತು. ಈಗ ಕಣ್ಣು ಮುಚ್ಚಿದರೆ ಗೆರೆಗಳೂ ಕಾಣುತ್ತವೆ. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿ ನಾನು ಕಲಿತದ್ದು ಇಷ್ಟೇ: ಇಂಥ ಸಾಕ್ಷಿಯನ್ನು ನಂಬಬಾರದು. ಅದು ನನ್ನದೇ ಆಗಿದ್ದರಂತೂ ನಂಬಲೇಬಾರದು.

ಅದು ಬರ್ಕ ಎಂಬುದು ಮಗಳ ವಾದ. ಬರ್ಕವೆಂದರೆ ಮೊಲದಷ್ಟೇ ದೊಡ್ಡದಾದ, ಕೊಂಬಿಲ್ಲದ ಪುಟ್ಟ ಜಿಂಕೆ. ಅವಳಿಗೆ ಅದು ಕಂಡದ್ದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಿಕ್ಕಿನಲ್ಲಿ, ನನ್ನ ಅತ್ತೆಯ ಮನೆ ಹಿಂದಿನ ಕಾನಿನಲ್ಲಿ, ಅಂದರೆ ಯಾರೂ ಕಡಿಯದೆ ಉಳಿದಿರುವ ಹಳೆ ಕಾಡಿನ ತುಂಡೊಂದರಲ್ಲಿ. ಅತ್ತೆ ಕಾಫಿ ಲೋಟ ಕೆಳಗಿಡದೆ ತೀರ್ಪು ಕೊಟ್ಟರು.

"ಇಲ್ಲೆಲ್ಲಿ ಬರ್ಕ ಮಗಾ? ಕೊನೇದನ್ನ ನಿಮ್ಮಜ್ಜನ ಅಪ್ಪ ತಿಂದಾಯ್ತು. ಸಾರು ಮಾಡಿದ್ದು ನಮ್ಮತ್ತೆ."

"ನೀನು ನೋಡಿದ್ಯಾ ಅಜ್ಜಿ?"

"ನೋಡೋದೆಂತ ಬಂತು? ಮಾವ ಸಾಯೋ ತನಕ ಅದ್ರ ರುಚಿ ಹೇಳ್ತಿದ್ರು."

ಮಗಳಿಗೆ ಆಗ ಹನ್ನೊಂದು. ಶಾಲೆಗೆ ಹೋಗುವುದಿಲ್ಲ. ಹೊಸನಗರದ ನಮ್ಮ ಮನೆಯಲ್ಲೇ ಪಾಠ. ಹೆಂಡತಿ ಕಲಿಸುತ್ತಾಳೆ, ಕಲಿಸಿದ್ದನ್ನು ಅನುಮಾನಿಸುವುದು ಹೇಗೆಂದು ನಾನು ಹೇಳಿಕೊಡುತ್ತೇನೆ. ಮದುವೆ ಮನೆಗಳಲ್ಲಿ ನೆಂಟರು ಅವಳನ್ನು ಹಿಡಿದು ನಿಲ್ಲಿಸಿ ಹದಿನೇಳರ ಮಗ್ಗಿ ಕೇಳುತ್ತಾರೆ. ತಮಗೇ ಬರುವುದಿಲ್ಲವಾದ್ದರಿಂದ ಅವಳು ಹೇಳಿದ್ದು ಸರಿಯೋ ತಪ್ಪೋ ತಿಳಿಯದೆ ಊಟಕ್ಕೆ ಹೋಗುತ್ತಾರೆ.

ಆ ಮಳೆಗಾಲ ಒಬ್ಬ ಸಂಶೋಧಕಿ ಮನೆಯಲ್ಲೇ ಓದುವ ಮಕ್ಕಳನ್ನು ಸೇರಿಸಿಕೊಂಡು ಇಂಬಳ, ಅಂದರೆ ಕಾಡಿನ ಜಿಗಣೆ, ಹಿಡಿಯುವ ಸಮೀಕ್ಷೆ ಶುರುಮಾಡಿದರು. ಇಂಬಳ ಯಾವ ಪ್ರಾಣಿಯ ರಕ್ತ ಕುಡಿದಿದೆಯೋ ಅದರ ಗುರುತು ಇಂಬಳದ ಹೊಟ್ಟೆಯಲ್ಲಿ ಬಹಳ ದಿನ ಉಳಿಯುತ್ತದಂತೆ. ಪ್ರಯೋಗಾಲಯದಲ್ಲಿ ಅದನ್ನು ಪರೀಕ್ಷಿಸಿದರೆ, ಕಾಡಿನಲ್ಲಿ ಯಾರು ಯಾರು ಓಡಾಡುತ್ತಿದ್ದಾರೆಂದು ಅವರ ಮುಖ ನೋಡದೆಯೇ ಹೇಳಬಹುದು. ಮಳೆ ಹೆಚ್ಚಾದ ದಿನ ಶಾಲೆ ಮಕ್ಕಳಿಗೆ ರಜೆ. ನಮ್ಮ ಮಕ್ಕಳಿಗೆ ಅದೇ ಕೆಲಸದ ದಿನ. ಮಂಡಿಯವರೆಗಿನ ದಪ್ಪ ಬಟ್ಟೆಯ ಕಾಲುಚೀಲ ಹಾಕಿಕೊಂಡು ಕಾಡಿನಲ್ಲಿ ನಿಲ್ಲುವುದು, ಹತ್ತಿದ ಇಂಬಳವನ್ನು ಕಚ್ಚುವ ಮೊದಲೇ ಚಿಮುಟದಲ್ಲಿ ಎತ್ತಿ ಶೀಶೆಗೆ ಹಾಕುವುದು. ಮಲೆನಾಡಿನವರು ತಲೆಮಾರುಗಳಿಂದ ತಪ್ಪಿಸಿಕೊಳ್ಳುತ್ತ ಬಂದ ಕೆಲಸವನ್ನು ನಾವು ಪೆಟ್ರೋಲ್ ಹಾಕಿಸಿಕೊಂಡು ಹೋಗಿ ಮಾಡುತ್ತಿದ್ದೆವು.

ಸಾಗರದ ಕಡೆ ಒಂದು ಜಾಗ, ಹೊಸನಗರದ ಕಡೆ ಒಂದು. ಮೂರನೆಯದಾಗಿ ಅಜ್ಜಿಮನೆಯ ಕಾನನ್ನು ಮಗಳು ಹಟ ಮಾಡಿ ಸೇರಿಸಿದಳು. ಸಂಶೋಧಕಿ ಒಪ್ಪಿದರು, ಆದರೆ ಒಂದು ನಿಯಮ ಹೇಳಿದರು. ಮೂರು ಸಲ ಹೋಗಿಯೂ ಇಂಬಳ ಸಿಗದಿದ್ದರೆ ಆ ಜಾಗವನ್ನು ಕೈಬಿಡಬೇಕು. ಕಾನು ಕೈಬಿಟ್ಟರೆ ಬರ್ಕ ಇದೆಯೆಂದು ತೋರಿಸಲು ಮಗಳಿಗೆ ಬೇರೆ ದಾರಿ ಇರಲಿಲ್ಲ. ಮನೆಮಂದಿಯ ಬಾಯಲ್ಲಿ ಅದು ಮೊಲವಾಗಿಯೇ ಉಳಿಯುತ್ತಿತ್ತು.

ಉಳಿದೆರಡು ಕಡೆ ಶೀಶೆಗಳು ಸಾಲದೇ ಹೋದವು. ಕಾನಿನಲ್ಲಿ ಮೊದಲ ಸಲ ಒಂದೂ ಸಿಗಲಿಲ್ಲ. ಎರಡನೇ ಸಲವೂ ಇಲ್ಲ. ಆಗುಂಬೆ ಸೀಮೆಯಲ್ಲಿ ಆಷಾಢದಲ್ಲಿ ಇಂಬಳವಿಲ್ಲದ ಕಾಡು ಎಂದರೆ ಮೀನಿಲ್ಲದ ಸಮುದ್ರದ ಹಾಗೆ. ನಾನು ಮಣ್ಣಿನ ಆಮ್ಲೀಯತೆ, ಹವಾಮಾನ ಬದಲಾವಣೆ ಎಂದೆಲ್ಲ ವಿವರಣೆ ಕೊಟ್ಟೆ. ಯಾರೂ ಕೇಳಿರಲಿಲ್ಲ. ಸಮೀಕ್ಷೆಗೆ ಬ್ಯಾಕೋಡಿನಿಂದ ಬರುತ್ತಿದ್ದ ಅಣ್ಣ ತಂಗಿ ಇಬ್ಬರೂ ಮಗಳಂತೆಯೇ ಮನೆಯಲ್ಲಿ ಓದುವವರು. ಅಣ್ಣ ತಮ್ಮ ಮನೆಯ ಹವ್ಯಕ ಮಾತಿನಲ್ಲೇ ಅವಳನ್ನು ರೇಗಿಸಿದ.

"ನಿಂಗಳ ಕಾನಲ್ಲಿ ಎಂತ ಇದ್ದು? ಇಂಬಳವೂ ಇಲ್ಲೆ. ಬರ್ಕ ಬತ್ತಾ?"

ಮಗಳು ಖಾಲಿ ಶೀಶೆಗಳನ್ನು ಎಣಿಸತೊಡಗಿದಳು. ಅವಳು ಎಣಿಸತೊಡಗಿದರೆ ನನಗೆ ಭಯವಾಗುತ್ತದೆ.

ಮೂರನೇ ಸಲವೂ ಖಾಲಿ. ಸಂಶೋಧಕಿ ಕಾನಿನಿಂದ ಹೊರಗೆ ಬಂದು, ಮಗಳ ತಲೆ ಸವರಿ, "ಬೇಜಾರು ಮಾಡ್ಕೋಬೇಡ ಪುಟ್ಟಾ, ಇಲ್ಲ ಅನ್ನೋದೂ ಒಂದು ಮಾಹಿತೀನೇ" ಎಂದರು. ಅವಳ ಕಣ್ಣು ತುಂಬಿತ್ತು. ಮಳೆ ತಪ್ಪಿಸಿಕೊಳ್ಳಲು ಕಾರಿನಲ್ಲಿ ಕೂತಾಗ ಹೊಗೆಸೊಪ್ಪಿನ ವಾಸನೆ ಬಂತು. ವಾಸನೆ ಹಿಡಿದದ್ದು ನಾನು ಎಂದು ನನ್ನ ನೆನಪು. ತಾನು ಎಂದು ಮಗಳು ಹೇಳುತ್ತಾಳೆ. ಅದೇನೇ ಇರಲಿ, ಒಂದು ಕ್ಷಣ ನಾನು ಅವಳ ಬಾಯಿಯ ಹತ್ತಿರ ಮೂಗು ಒಯ್ದದ್ದು ನಿಜ. ಅವಳು ನನ್ನನ್ನು ತಳ್ಳಿ, ತನ್ನ ಕಾಲುಚೀಲ ಕಳಚಿ ನನ್ನ ಮುಖಕ್ಕೆ ಹಿಡಿದಳು. ಅಂಗಡಿಯ ಕಡ್ಡಿಪುಡಿ ಡಬ್ಬಿಯೊಳಗೆ ತಲೆ ಹಾಕಿದ ಹಾಗಾಯಿತು. ನೆಗಡಿಯೆಂದು ಸಂಶೋಧಕಿ ಮೂರೂ ಸಲ ಮೂಗು ಒರೆಸಿಕೊಳ್ಳುತ್ತಿದ್ದದ್ದು ಆಗ ನೆನಪಾಯಿತು.

ಒಂದು ಕಾಡಿನ ಮಣ್ಣು, ರಕ್ತ ಇನ್ನೊಂದಕ್ಕೆ ಹತ್ತಬಾರದೆಂದು ಪ್ರತಿ ಜಾಗಕ್ಕೂ ಬೇರೆ ಬೇರೆ ಕಾಲುಚೀಲ ಇಟ್ಟಿದ್ದೆವು. ಬಹಳ ವೈಜ್ಞಾನಿಕ ಏರ್ಪಾಡು. ಕಾನಿನವನ್ನು ಮೊದಲೇ ಅತ್ತೆಯ ಮನೆಗೆ ಕಳಿಸಿದ್ದೆವು, ಅವು ಅಲ್ಲೇ ಇರುತ್ತಿದ್ದವು. ಅತ್ತೆ ಅವನ್ನು ಹೊಗೆಸೊಪ್ಪು ನೆನೆಸಿದ ನೀರಿನಲ್ಲಿ ಅದ್ದಿ, ಒಲೆಯ ಮೇಲಿನ ಅಟ್ಟಕ್ಕೆ ಹಾಕಿ ಒಣಗಿಸಿ, ಮಡಚಿ ಇಡುತ್ತಿದ್ದರು. ಕಾಡಿಗೆ ಹೋಗುವ ಗಂಡಸರಿಗೆ ಆ ಮನೆಯಲ್ಲಿ ಎಂದಿನಿಂದಲೂ ನಡೆದುಬಂದ ಉಪಚಾರ ಅದು. ಮನೆಗೆ ಬಂದವರ ಕಾಲಿಗೆ ಇಂಬಳ ಹತ್ತಿದರೆ ಅತ್ತೆಗೆ ಮರ್ಯಾದೆಯ ಪ್ರಶ್ನೆ.

"ಅತ್ತೆ, ನಾವು ಹೋಗೋದೇ ಇಂಬಳ ಹಿಡಿಯೋಕೆ" ಎಂದು ಮನೆಯೊಳಗೆ ಹೋಗಿ ಹೇಳಿದೆ.

"ಹೌದಾ? ನೀವು ಸಂಶೋಧನೆ ಅಂದ್ರಿ. ನಾನು ಗಿಡಮೂಲಿಕೆ ಅಂದ್ಕಂಡೆ." ಅವರು ಮೊಮ್ಮಗಳ ಕಡೆ ತಿರುಗಿದರು. "ಇಂಬಳ ಬೇಕು ಅಂತ ಈ ಮನೇಗೆ ಬಂದು ಇಲ್ಲೀತನಕ ಯಾರೂ ಕೇಳಿಲ್ಲ ಮಾರಾಯ್ತಿ. ಕೇಳಿದ್ರೆ ಕೊಡ್ತಿರ್ಲಿಲ್ವಾ?"

ಸಂಶೋಧಕಿ ನಕ್ಕರು, ಆದರೆ ನಿಯಮ ಸಡಿಲಿಸಲಿಲ್ಲ. ಹೊಗೆಸೊಪ್ಪಿನಿಂದಲೇ ಹೀಗಾಯಿತೆಂದು ಹೇಗೆ ಹೇಳುತ್ತೀರಿ, ನಿಜಕ್ಕೂ ಇಂಬಳ ಇಲ್ಲದಿರಬಹುದಲ್ಲ ಎಂದರು. ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು. ಮಗಳಿಗೆ ಹೆಚ್ಚಾಗಲಿಲ್ಲ. ಅವಳು ಮೂಗು ಒರೆಸಿಕೊಂಡು ಹೇಳಿದಳು:

"ಒಂದು ಕಾಲಿಗೆ ಅಜ್ಜಿ ಚೀಲ, ಒಂದು ಕಾಲಿಗೆ ಹೊಸಾದು. ಅಪ್ಪ ಹೋಗಿ ನಿಂತ್ಕೊಳ್ಳಲಿ."

"ನಾನೇ ಯಾಕೆ?"

"ನೀನು ದೊಡ್ಡೋನು. ರಕ್ತ ಜಾಸ್ತಿ."

ಒಬ್ಬನೇ ಮನುಷ್ಯನ ಮೇಲಿನ ಪ್ರಯೋಗದಿಂದ ಏನೂ ಸಿದ್ಧವಾಗುವುದಿಲ್ಲ ಎಂದು ನಾನು ವಿವರಿಸತೊಡಗಿದೆ. "ಕಾಲು ಎರಡಿದಾವಲ್ಲ" ಎಂದರು ಅತ್ತೆ.

ಹೊಸ ಚೀಲವನ್ನು ಸಂಶೋಧಕಿಯೇ ತಮ್ಮ ಬ್ಯಾಗಿನಿಂದ ತೆಗೆದುಕೊಟ್ಟರು. ಕಾನಿನೊಳಗೆ ನಿಂತೆ. ತರಗೆಲೆಗಳ ಮೇಲೆ ದಾರದ ತುಂಡುಗಳಂತಿದ್ದ ಇಂಬಳಗಳು ಎದ್ದು ನಿಂತು ತೂಗಾಡಿದವು. ಆಮೇಲೆ ಮಡಚಿಕೊಳ್ಳುತ್ತ, ಚಾಚಿಕೊಳ್ಳುತ್ತ ನನ್ನ ಕಡೆ ಬಂದವು. ಹೊಸ ಚೀಲವನ್ನು ನೆಂಟರ ಮನೆಯಂತೆ ಹತ್ತಿದವು. ಇನ್ನೊಂದರ ಅಂಚಿಗೆ ಬಂದಂಥವು ಮುಖ ತಾಗಿಸಿ ಹಿಂದೆ ಸರಿದವು. ಮಗಳು ಎತ್ತಿದಂತೆಲ್ಲ ಸಂಶೋಧಕಿ ಶೀಶೆಯ ಮುಚ್ಚಳ ತೆರೆದರು. ಒಂದು ತಪ್ಪಿಸಿಕೊಂಡು ನನ್ನ ಸೊಂಟದವರೆಗೆ ಹೋದದ್ದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಕೊನೆಗೆ ಸಂಶೋಧಕಿ ನನ್ನ ಎರಡೂ ಕಾಲುಗಳನ್ನು ಒಮ್ಮೆ ನೋಡಿ, "ಸರಿ, ಕಾನು ಇರಲಿ" ಎಂದರು. ಮಗಳು ಕುಣಿಯಲಿಲ್ಲ. ಚಿಮುಟ ಒರೆಸಿ ಮುಂದಿನ ಇಂಬಳಕ್ಕೆ ಕೈ ಹಾಕಿದಳು.

ಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ಮಳೆ ನಿಂತು ಎಷ್ಟೋ ದಿನವಾಗಿತ್ತು. ಫೋನ್ ಎತ್ತಿದ್ದು ಮಗಳು. ಹೆಚ್ಚಿನ ಇಂಬಳಗಳಲ್ಲಿ ದನದ ರಕ್ತವಂತೆ, ಕೆಲವುಗಳಲ್ಲಿ ಕಡವೆಯದಂತೆ. ಕಾನಿನದೊಂದರಲ್ಲಿ ಬರ್ಕದ್ದು ಎಂದು ಅವಳು ಹೇಳುವಾಗ ಧ್ವನಿ ಏರಲಿಲ್ಲ. ಅತ್ತೆಗೆ ತಿಳಿಸಿದೆವು. ಅವರು, "ಹಂಗಾರೆ ಮಾವ ಕೊನೇದನ್ನ ತಿಂದಿದ್ದು ಸುಳ್ಳಾ? ಸಾಯೋ ತನಕ ಬಡಾಯಿ ಕೊಚ್ಚಿದ್ರಲ್ಲ" ಎಂದರು.

ಅವತ್ತು ನನ್ನ ಕಣ್ಣೆದುರು ದಾರಿ ದಾಟಿದ್ದು ಯಾವುದೆಂದು ನನಗೆ ಈಗಲೂ ಗೊತ್ತಿಲ್ಲ. ಹೊಗೆಸೊಪ್ಪಿನ ಚೀಲ ಎಡಗಾಲಿಗಿತ್ತೋ ಬಲಗಾಲಿಗೋ ಅದೂ ಮರೆತಿದೆ. ಮಗಳ ಮಾತನ್ನೂ ನಾನು ಹಾಗೇ ಒಪ್ಪಲಿಲ್ಲ. ಮಾರನೇ ದಿನ ಅವಳಿಲ್ಲದಾಗ ಸಂಶೋಧಕಿಗೆ ನಾನೇ ಫೋನ್ ಮಾಡಿ ಕೇಳಿದೆ. ಶೀಶೆ ಅದಲುಬದಲಾಗಿರಬಹುದೇ ಎಂದೂ ಕೇಳಿದೆ. ಇಲ್ಲ, ಅನುಮಾನ ಬಂದು ತಾವೇ ಎರಡನೇ ಸಲ ಪರೀಕ್ಷೆ ಮಾಡಿಸಿದ್ದಾಗಿ ಅವರು ಹೇಳಿದರು. ಆ ಕಾನಿನಲ್ಲಿ ಬರ್ಕ ಇದೆ.