ವಿದ್ಯೆ ಗಿಡದ ಬಾಣಂತನ

ಹಿಮಾಯತ್‌ನಗರದ ಆ ಬಾಡಿಗೆ ಮನೆಯ ಅಂಗಳದಲ್ಲಿದ್ದ ಗಿಡಕ್ಕೆ ಓಣಿಯವರು ಮೋರ್‌ಪಂಖಿ ಅನ್ನುತ್ತಿದ್ದರು. ಸುಂದರಾಬಾಯಿಗೆ ಮಾತ್ರ ಅದು ವಿದ್ಯೆ ಗಿಡ. ನವಿಲುಗರಿಯಂಥ ಚಪ್ಪಟೆ ಎಲೆ, ಮೇ ತಿಂಗಳ ಬಿಸಿಲಿಗೂ ಬೋಳಾಗದ ಹಸಿರು. ಅವಳು ಎರಡನೆಯ ಇಯತ್ತೆಗೇ ಶಾಲೆ ಬಿಟ್ಟು, ಸೇಡಂ ಕಡೆಯಿಂದ ಸೊಸೆಯಾಗಿ ಬಂದಿದ್ದಳು. ಅತ್ತೆ ಗೋದಾವರಿಬಾಯಿ ಆ ಗಿಡದ ಬುಡದಲ್ಲೇ ಚಾಪೆ ಹಾಸಿ, ಅದರದೊಂದು ಎಸಳನ್ನು ಪುಸ್ತಕದೊಳಗಿಟ್ಟು, "ಇದು ಇದ್ದಲ್ಲೆ ವಿದ್ಯಾ ಬರ್ತದ, ಓದು" ಎಂದು ಅಕ್ಷರ ಕೂಡಿಸಿ ಓದುವುದನ್ನು ಕಲಿಸಿದ್ದಳು. ಸೊಸೆಯಂದಿರು ಅತ್ತೆಗೆ ಹೆದರಿ ನಡುಗುತ್ತಿದ್ದ ಕಾಲವದು. ಇಂಥ ಅತ್ತೆ ಸಿಕ್ಕಿದ್ದಳಲ್ಲ ಎಂದು, ಎಪ್ಪತ್ತಾರಾದರೂ, ಬೆಳಗ್ಗೆ ಎದ್ದು ಮೊದಲು ಆ ಗಿಡಕ್ಕೆ ಕೈ ಮುಗಿಯುತ್ತಿದ್ದಳು.

ಈ ವರ್ಷ ಮಾಲೀಕರು ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸುತ್ತೇವೆ, ದೀಪಾವಳಿ ಆದ ಮೇಲೆ ಬಿಟ್ಟುಕೊಡಿ ಎಂದರು. ಮಗ ದೀಪಕ ಶಂಶಾಬಾದಿನಲ್ಲಿ ಫ್ಲ್ಯಾಟು ಹುಡುಕಿದ. ಸಾಮಾನು ಹೋದೀತು, ಮನುಷ್ಯರು ಹೋದಾರು, ಎರಡಾಳೆತ್ತರದ ಗಿಡ ಹೇಗೆ ಹೋದೀತು? ಅದರದೊಂದು ಕೂಸಾದರೂ ಜೊತೆಗೆ ಬರಬೇಕೆಂದು ಸುಂದರಾಬಾಯಿ ಹಟ ಹಿಡಿದಳು.

ಶ್ರಾವಣದಲ್ಲಿ ಕತ್ತರಿ ತಗೊಂಡು ಹನ್ನೆರಡು ಕಡ್ಡಿ ಕತ್ತರಿಸಿ ಕುಂಡದಲ್ಲಿ ಊರಿದಳು. ಮೂರು ವಾರಕ್ಕೆ ಹನ್ನೆರಡೂ ಬುಡ ಕೊಳೆತು ಕಪ್ಪಾದವು. ಆಗ ಗುಟ್ಟು ಹೊರಬಿತ್ತು. ಬೆಳಗ್ಗೆ ದೇವರ ಅಭಿಷೇಕದ ನೀರು ಅವಳು ಹಾಕುತ್ತಿದ್ದಳು. ಅತ್ತೆ ಮರೆತಿರಬೇಕೆಂದು ಸೊಸೆ ಉಷಾ ಮಧ್ಯಾಹ್ನ ಒಂದು ತಂಬಿಗೆ ಸುರಿಯುತ್ತಿದ್ದಳು. ಕಾಲೇಜಿನಿಂದ ಬಂದ ಮೊಮ್ಮಗಳು ಶರ್ವರಿ ಬಾಟಲಿಯಲ್ಲಿ ಉಳಿದದ್ದನ್ನೆಲ್ಲ ಅಲ್ಲೇ ಬಗ್ಗಿಸುತ್ತಿದ್ದಳು. ಒಬ್ಬರು ಇನ್ನೊಬ್ಬರಿಗೆ ಹೇಳಿರಲಿಲ್ಲ.

ತಳ್ಳುಗಾಡಿಯಲ್ಲಿ ಗಿಡ ಮಾರುವ ಲಿಂಗಸೂಗೂರಿನ ಹುಲಗೇಶ ಗೇಟಿನಾಚೆಯಿಂದಲೇ ಕುಂಡ ನೋಡಿ ನಕ್ಕ. "ಏನ್ರೀ ಅಮ್ಮಾರ, ಕಡ್ಡಿ ನೆಟ್ಟೀರೋ, ಮೀನ ಸಾಕೀರೋ?"

"ಚ್ಯಾಷ್ಟಿ ಬ್ಯಾಡೋ ಮಾರಾಯಾ. ದೀಪಾವಳಿ ಆದಮ್ಯಾಲ ಗಿಡಾನೂ ಕಡೀತಾರ. ಏನರೆ ದಾರಿ ಹೇಳು."

ಅವನ ನಗು ನಿಂತಿತು. ಗಾಡಿ ಬಿಟ್ಟು ಒಳಗೆ ಬಂದ. ಗೇಣುದ್ದದ ಒಂದು ಚಿಕ್ಕ ರೆಂಬೆ ಹಿಡಿದು ಕೆಳಮುಖವಾಗಿ ಸರಕ್ಕನೆ ಎಳೆದ. ತಾಯಿ ಕೊಂಬೆಯ ತೊಗಟೆಯ ಚೂರೂ ಅದರ ಬುಡಕ್ಕೆ ಅಂಟಿಕೊಂಡೇ ಬಂತು.

"ಈ ತೊಗಟಿ ಹಿಮ್ಮಡ ಐತಲ್ರಿ, ಬೇರು ಬರಾದು ಇಲ್ಲಿಂದನ. ಕತ್ತರಿ ಹಚ್ಚಬಾರದು."

ಅಂಥವು ಎಂಟು ಕಿತ್ತು, ಕೆಳಗಿನ ಎಲೆ ಸವರಿ, ಹಸಿ ಉಸುಕಿನಲ್ಲಿ ಊರಿ, ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿದ. "ಇನ್ನ ಇದು ಬಾಣಂತಿ ಇದ್ದಂಗ. ಗಾಳಿ ಬ್ಯಾಡ, ಬಿಸಲ ಬ್ಯಾಡ, ನೀರ ಅಂತೂ ಉಸುಕು ಒಣಗಿದ್ರ ಮಾತ್ರ ಒಂದೀಟು. ಮೂರು ತಿಂಗಳ ಮುಟ್ಟಬ್ಯಾಡ್ರಿ. ಹಸರ ಐತಿ ಅಂತ ನಂಬಾಕೂ ಹೋಗಬ್ಯಾಡ್ರಿ, ಬೇರಿಲ್ಲದನೂ ಹಸರ ಇರತೈತಿ ಇದು."

ಬಾಣಂತನವನ್ನು ಸುಂದರಾಬಾಯಿಗೆ ಹೇಳಿಕೊಡಬೇಕೆ? ನಾದಿನಿಯರದು, ಸೊಸೆಯದು, ಎಲ್ಲ ಅವಳೇ ಮಾಡಿದ್ದು. ಬೆಳಕಿದ್ದು ಬಿಸಿಲು ಬೀಳದ ಕಿಟಕಿಯಲ್ಲಿ ಕುಂಡ ಇಟ್ಟು ಮನೆಮಂದಿಗೆ ತಾಕೀತು ಮಾಡಿದಳು. "ಯಾರರೆ ತಂಬಿಗಿ ಹಿಡಕೊಂಡು ಈ ಕಡೆ ಬಂದೀರಿ, ನೋಡ್ರಿ ಮತ್ತ!"

"ಅತ್ಯಾ, ನನ್ನ ಬಾಣಂತನದಾಗೂ ನೀವು ಇಷ್ಟು ಕಾವಲಿದ್ದಿಲ್ಲ," ಎಂದು ಉಷಾ ಕೆಣಕಿದಳು.

ದೀಪಾವಳಿ ಮುಗಿಯಿತು. ಕುಂಡವನ್ನು ತೊಡೆಯ ಮೇಲಿಟ್ಟುಕೊಂಡೇ ಶಂಶಾಬಾದಿಗೆ ಬಂದಳು. ವಾರದೊಳಗೆ ಗಿಡ ಕಡಿದರೆಂದು ದೀಪಕ ಹೇಳಿದ. ಆ ದಿನ ಅವಳಿಗೆ ಅನ್ನ ಸೇರಲಿಲ್ಲ. ಇವೂ ಹೋದರೆ ಇನ್ನೊಂದು ಕಡ್ಡಿ ಎಲ್ಲಿಂದ ತರುವುದು? ಎಂಟರಲ್ಲಿ ಆರು ಒಂದೊಂದಾಗಿ ಒಣಗಿದವು. ಎರಡು ಹಸಿರಾಗಿದ್ದವು.

ಮೂರು ತಿಂಗಳು ತುಂಬಿದ ಬೆಳಗ್ಗೆ ಶರ್ವರಿಯಿಂದ ಹುಲಗೇಶನಿಗೆ ಫೋನು ಹಚ್ಚಿಸಿದಳು.

"ಮೆತ್ತಗ ಮ್ಯಾಲಕ್ಕ ಜಗ್ಗಿ ನೋಡ್ರಿ ಅಮ್ಮಾರ. ಕೈಗೆ ಬಂದ್ರ ಸತ್ತೈತಿ. ಬರಲಿಲ್ಲಂದ್ರ ಬೇರು ಹಿಡದೈತಿ."

ಮೊದಲನೆಯದು ಬೆಣ್ಣೆಯೊಳಗಿನ ಕೂದಲಿನಂತೆ ಕೈಗೆ ಬಂತು. ಸುಂದರಾಬಾಯಿ ಕಣ್ಣು ಮುಚ್ಚಿ ಎರಡನೆಯದನ್ನು ಹಿಡಿದಳು. ಜಗ್ಗಿದಳು. ಉಸುಕು ಅಲುಗಿತು, ಕಡ್ಡಿ ಅಲುಗಲಿಲ್ಲ.

"ಬರವಲ್ದೋ ಹುಲಗೇಶಾ! ಬರವಲ್ದು!" ಶರ್ವರಿ ಹಿಡಿದ ಫೋನಿನತ್ತ ಬಾಗಿದಳು. "ನಿನ್ನ ಹೊಟ್ಟಿ ತಣ್ಣಗಿರಲಿ. ನಿನ್ನ ಮಕ್ಕಳು ಮರಿ ಚೆಂದ ಇರಲಿ. ನಮ್ಮ ಅತ್ತಿಯವರನ್ನ ಉಳಿಸಿಕೊಟ್ಟಿ ನೋಡು..."

"ಅದೆಲ್ಲ ಇರಲ್ರಿ ಅಮ್ಮಾರ. ಜಗ್ಗಾದು ಬಿಟ್ಟೀರಿಲ್ಲ?"

ಸುಂದರಾಬಾಯಿ ಕೆಳಗೆ ನೋಡಿಕೊಂಡಳು. ಬೆರಳು ಇನ್ನೂ ಕಡ್ಡಿಯನ್ನು ಬಿಗಿಯಾಗಿ ಹಿಡಿದಿದ್ದವು.